ಬಚ್ಚಲಿನ ಕತ್ತಲೆಗೆ ತಾನಾಗಿ ಹತ್ತುವ ದೀಪ

ಪಾರಿಶ್ವಾಡದ ನಮ್ಮ ಹಿರಿಯರ ಮನೆಯಲ್ಲಿ ಬಚ್ಚಲುಮನೆಯು ಹಿತ್ತಲ ಕಡೆಗಿದೆ. ನಡುಮನೆಯನ್ನು ದಾಟಿ, ಅಡುಗೆಮನೆಯ ಪಕ್ಕದ ಇಕ್ಕಟ್ಟಾದ ದಾರಿಯಲ್ಲಿ ಹತ್ತು ಹೆಜ್ಜೆ ನಡೆದು, ಒಂದು ಹೊಸ್ತಿಲನ್ನಿಳಿದು ಅಲ್ಲಿಗೆ ಹೋಗಬೇಕು. ನೆಲಕ್ಕೆ ಹಾಸಿದ ಶಹಾಬಾದ ಫರಸಿಯು ಹಲವು ವರ್ಷಗಳ ನೀರಿಗೆ ಸವೆದು ನುಣುಪಾಗಿದೆ. ದೀಪದ ಗುಂಡಿಯು ಮಾತ್ರ ನಡುಮನೆಯ ಗೋಡೆಯಲ್ಲಿ, ಮೊಮ್ಮಕ್ಕಳು ಮಲಗುವ ಹಾಸಿಗೆಯ ತಲೆದೆಸೆಗಿದೆ. ಒದ್ದೆ ಕೈ ತಾಗಬಾರದೆಂದು ಗುಂಡಿಯನ್ನು ಬಚ್ಚಲಿನ ಹೊರಗಿಡುವುದು ಸರಿಯಾದ ಪದ್ಧತಿಯೇ ಹೌದು. ಆದರೆ ಎಷ್ಟು ಹೊರಗಿಡಬೇಕೆಂಬುದನ್ನು ವೈರಿಂಗ್ ಮಾಡಿಸಿದ ಕಾಲದಲ್ಲಿ ನಮ್ಮಲ್ಲಿ ಯಾರೂ ಯೋಚಿಸಲಿಲ್ಲ.

ನಮ್ಮ ತಾಯಿಯವರಿಗೆ ಈಗ 78 ವರ್ಷ. ಬೆಳಗಿನ 4 ಗಂಟೆಗೆ ಎದ್ದು, ಸ್ನಾನ ಮುಗಿಸಿ, ಲಿಂಗಪೂಜೆಗೆ ಕುಳಿತುಕೊಳ್ಳುವುದು ಅವರು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ತಪ್ಪದ ರೂಢಿ. ಗುಂಡಿಯೊತ್ತಿದರೆ ಟಕ್ಕೆಂಬ ಸದ್ದಿಗೆ ಮಕ್ಕಳು ಏಳುವರೆಂದು ಅವರು ಕತ್ತಲಲ್ಲಿಯೇ ಗೋಡೆ ಹಿಡಿದು ಹೋಗುತ್ತಿದ್ದರೆಂಬ ಸಂಗತಿ ನಮಗೆ ತಿಳಿದದ್ದು ಕಳೆದ ಆಷಾಢದಲ್ಲಿ, ಹೊಸ್ತಿಲ ಬಳಿ ಕಾಲು ಜಾರಿ ಬಿದ್ದು ಅವರ ಬಲ ಮುಂಗೈಯ ಎಲುಬು ಮುರಿದ ಮೇಲೆ. ಆರು ವಾರ ಕೈಗೆ ಪಟ್ಟಿ ಕಟ್ಟಲಾಗಿತ್ತು. ನೋವಿಗಿಂತ ಹೆಚ್ಚಾಗಿ, ಪೂಜೆಗೆ ಬಲಗೈ ಬಾರದಾಯಿತೆಂಬುದೇ ಅವರ ಕೊರಗಾಗಿತ್ತು.

ಓದುಗ ಬಂಧುಗಳು ಕೇಳಬಹುದು: ರಾತ್ರಿಯೆಲ್ಲ ಒಂದು ಜೀರೋ ಬಲ್ಬು ಉರಿಸಿದ್ದರೆ ಸಾಲದೇ? ಸಾಲುತ್ತಿತ್ತು. ಅರ್ಧ ವ್ಯಾಟಿನ ಎಲ್‌ಇಡಿ ದೀಪವನ್ನು ದಿನಕ್ಕೆ 12 ಗಂಟೆಯಂತೆ ತಿಂಗಳೆಲ್ಲ ಉರಿಸಿದರೂ ಒಂದು ಯೂನಿಟ್ಟಿನ ಐದನೆಯ ಒಂದು ಪಾಲೂ ತಗಲುವುದಿಲ್ಲ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ಎಷ್ಟೋ ಮನೆಗಳಿಗೆ ಬಿಲ್ಲಿನ ಚಿಂತೆಯೇ ಇಲ್ಲ. ನಾವು ಅಂತಹ ದೀಪವನ್ನು ಹಾಕಿಯೂ ನೋಡಿದೆವು. ಎಲ್ಲರೂ ಮಲಗಿದ ಮೇಲೆ ತಾಯಿಯವರು ಎದ್ದುಹೋಗಿ ಅದನ್ನು ಆರಿಸಿಯೇ ಮಲಗುತ್ತಿದ್ದರು. ಚಿಮಣಿ ದೀಪದ ಎಣ್ಣೆಯನ್ನು ಅಳೆದು ಸುರಿದ ಕಾಲವನ್ನು ಕಂಡ ಜೀವವದು. ಯಾರೂ ಇಲ್ಲದ ಕಡೆ ದೀಪ ಉರಿಯುವುದನ್ನು ನೋಡಿ ಸುಮ್ಮನಿರುವುದು ಅವರಿಗೆ ಆಗದ ಮಾತು. ಲೆಕ್ಕ ಹೇಳಿ ಇದನ್ನು ಬದಲಿಸಲಾರೆವೆಂಬುದು ನಮಗೆ ಬೇಗನೆ ಮನವರಿಕೆಯಾಯಿತು.

ಆಗ ಬೆಳಗಾವಿಯಲ್ಲಿ ವಿದ್ಯುತ್ ವಿಷಯದಲ್ಲಿ ಡಿಪ್ಲೊಮಾ ಓದುತ್ತಿರುವ ನಮ್ಮ ತಮ್ಮನ ಮಗನು, ಮನುಷ್ಯರು ಬಂದರೆ ಹತ್ತಿ, ಹೋದರೆ ಆರುವ ಸೆನ್ಸರ್ ಸ್ವಿಚ್ಚೊಂದನ್ನು ತಂದನು.

ಇದರ ಒಳಗುಟ್ಟು ಸರಳವಾದದ್ದು. 1800ರಲ್ಲಿ ವಿಲಿಯಂ ಹರ್ಷಲ್ ಎಂಬ ಖಗೋಳ ವಿಜ್ಞಾನಿಯು ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಬಣ್ಣಬಣ್ಣವಾಗಿ ಬಿಡಿಸಿ, ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದ ಎಡೆಯಲ್ಲಿ ಉಷ್ಣಮಾಪಕವನ್ನಿಟ್ಟಾಗ ಅಲ್ಲಿಯೂ ಬಿಸಿ ಕಂಡುಬಂದಿತು. ಅದೇ ಅವಕೆಂಪು ಕಿರಣ. ಬಿಸಿಯಿರುವ ಪ್ರತಿಯೊಂದು ವಸ್ತುವೂ, ನಮ್ಮ ಮೈ ಕೂಡ, ಅದನ್ನು ಹೊರಸೂಸುತ್ತಲೇ ಇರುತ್ತದೆ. ಸ್ವಿಚ್ಚಿನ ಮುಂದಿರುವ ಹಾಲುಬಿಳುಪಿನ ಪ್ಲಾಸ್ಟಿಕ್ ಗುಬುಟು ಕೋಣೆಯನ್ನು ಹೋಳುಹೋಳಾಗಿ ವಿಂಗಡಿಸಿ ಒಳಗಿನ ಎರಡು ಪುಟ್ಟ ಹರಳುಗಳಿಗೆ ತೋರಿಸುತ್ತದೆ. ಬಿಸಿ ಮೈಯೊಂದು ಒಂದು ಹೋಳಿನಿಂದ ಇನ್ನೊಂದಕ್ಕೆ ದಾಟಿದಾಗ ಎರಡು ಹರಳುಗಳ ನಡುವೆ ವ್ಯತ್ಯಾಸವುಂಟಾಗಿ ದೀಪ ಹತ್ತುತ್ತದೆ. ಅಂದರೆ ಈ ಸಾಧನವು ಮನುಷ್ಯನನ್ನು ಗುರುತಿಸುವುದಿಲ್ಲ, ಚಲಿಸುವ ಬಿಸಿಯನ್ನು ಗುರುತಿಸುತ್ತದೆ. ನಮ್ಮ ಮನೆಯಲ್ಲಾದ ಫಜೀತಿಯೆಲ್ಲ ಈ ಒಂದು ಮಾತನ್ನು ಮರೆತದ್ದರಿಂದಲೇ ಆದದ್ದು.

ಹುಡುಗನು ಅದನ್ನು ಬಚ್ಚಲಿನ ಬಾಗಿಲ ಮೇಲ್ಗಡೆ ಕೂರಿಸಿ, ಕರೆಂಟು ಉಳಿಯಲೆಂದು ಸಮಯವನ್ನು ಒಂದು ನಿಮಿಷಕ್ಕೆ ಇಟ್ಟನು. ಮರುದಿನ ನಸುಕಿನಲ್ಲಿ ತಾಯಿಯವರು ಒಳಹೊಕ್ಕೊಡನೆ ದೀಪ ಹತ್ತಿತು. ನಾವು ಹೊರಗೆ ನಿಂತು ಬೀಗಿದೆವು. ಅವರು ಮಣೆಯ ಮೇಲೆ ಕುಳಿತು, ಮುಖಕ್ಕೆ ಸಾಬೂನು ಹಚ್ಚಿಕೊಂಡು, ತುಸುಹೊತ್ತು ಅಲುಗಾಡದೆ ಇದ್ದಾಗ ದೀಪ ಆರಿತು. ಕಣ್ಣಲ್ಲಿ ಸಾಬೂನು, ಮುಂದೆ ಕುದಿನೀರಿನ ಹಂಡೆ, ಸುತ್ತಲೂ ಕತ್ತಲೆ. ಹಳೆಯ ಕತ್ತಲೆಯಾದರೂ ಅವರಿಗೆ ಪರಿಚಿತವಾಗಿತ್ತು. ಈ ಕತ್ತಲೆಯೋ ಹೇಳದೆ ಕೇಳದೆ ಬಂದದ್ದು. ಒಳಗಿನಿಂದ ಕೂಗು ಕೇಳಿಬಂತು: “ಅಲ್ಲೋ ತಮ್ಮಾ, ನಾ ಸುಮ್ಮನ ಕುಂತ್ರ ಇದು ನನ್ನ ಸತ್ತಾಳಂತ ತಿಳಕೊಂತೇನು?”

ನಗು ಬಂದರೂ ನಮಗೆ ಎದೆ ಝಲ್ಲೆಂದಿತು. ಬೀಳುವುದನ್ನು ತಪ್ಪಿಸಲೆಂದು ತಂದ ಸಾಧನವೇ ಬೀಳಿಸುವಂತಾಗಿತ್ತು.

ಅಂಗಡಿಗಳಲ್ಲಿ ಇದನ್ನು ಕರೆಂಟು ಉಳಿಸುವ ಯಂತ್ರವೆಂದು ಮಾರುವುದರಿಂದ ಎಲ್ಲರೂ ಸಮಯವನ್ನು ಆದಷ್ಟು ಕಡಿಮೆ ಇಡಲು ನೋಡುತ್ತಾರೆ. ಮಲಗುವ ಕೋಣೆಯ ಪಕ್ಕದ ಹಾದಿಗೆ ಅದು ಸರಿಹೋಗಬಹುದು. ಸ್ನಾನದ ಮನೆಗೆ ಸಲ್ಲದು. 9 ವ್ಯಾಟಿನ ಬಲ್ಬು ರಾತ್ರಿ 8 ಗಂಟೆ ಹೊತ್ತು ಮರೆತು ಉರಿದರೂ ತಿಂಗಳಿಗೆ ಎರಡು ಯೂನಿಟ್ಟಿಗೆ ತುಸು ಮೇಲೆ, ಅಷ್ಟೆ. ಸೆನ್ಸರು ತಾನು ಎಚ್ಚರವಾಗಿರಲೆಂದೇ ಹಗಲುರಾತ್ರಿ ಅಷ್ಟಿಷ್ಟು ವಿದ್ಯುತ್ತನ್ನು ಕುಡಿಯುತ್ತದೆ. ಉಳಿತಾಯಕ್ಕಾಗಿ ಇದನ್ನು ಕೊಳ್ಳುವವರಿದ್ದರೆ ಕೊಳ್ಳದಿರಲಿ ಎಂಬುದೇ ನಮ್ಮ ಅಭಿಪ್ರಾಯ. ಮನೆಯಲ್ಲಿ ಹಿರಿಯರಿದ್ದರೆ, ಆಗ ಬೇರೆಯ ಮಾತು.

ಮುಂದಿನ ಭಾನುವಾರ ಊರಿನ ಅನುಭವಸ್ಥ ವಾಯರಮನ್ನರನ್ನು ಕರೆಸಿ, ಮೇನ್ ಸ್ವಿಚ್ಚು ತೆಗೆದು, ಎಲ್ಲವನ್ನೂ ಹೊಸದಾಗಿ ಮಾಡಿಸಿದೆವು. ಹುಡುಗನು ಡಿಪ್ಲೊಮಾ ಓದುತ್ತಿದ್ದರೂ ನೀರಿರುವ ಜಾಗದಲ್ಲಿ ಕಲಿಯುವ ಕೈಯ ಪ್ರಯೋಗ ಬೇಡವೆಂದು ಅವನಿಗೆ ತಿಳಿಹೇಳಿದೆವು. ಅವನೂ ಮುನಿಸಿಕೊಳ್ಳಲಿಲ್ಲ. ವಾಯರಮನ್ನರು ಮೊದಲು ಕೇಳಿದ್ದು ಅರ್ಥಿಂಗ್ ಸರಿಯಿದೆಯೇ, 30 ಮಿಲಿ ಆಂಪಿಯರಿನಷ್ಟು ಸೋರಿಕೆಯಾದರೂ ಕರೆಂಟು ಕಡಿಯುವ ರಕ್ಷಕ ಸ್ವಿಚ್ಚು ಇದೆಯೇ ಎಂದು. ಅದು ಇರಲಿಲ್ಲ. ಸೆನ್ಸರಿಗಿಂತ ಮೊದಲು ಅದನ್ನು ಹಾಕಿಸಿದೆವು.

ಬಾಗಿಲಿನ ಮೇಲಿದ್ದ ಸೆನ್ಸರಿಗೆ ಕುಳಿತವರ ಬೆನ್ನು ಮಾತ್ರ ಕಾಣುತ್ತಿತ್ತು. ಈಗ ಅದನ್ನು ಪಕ್ಕದ ಗೋಡೆಯ ಮೇಲ್ಭಾಗದಲ್ಲಿ, ನೀರು ಸಿಡಿಯದೆಡೆ, ತಂಬಿಗೆ ಎತ್ತುವ ಕೈ ಅಡ್ಡಲಾಗಿ ಚಲಿಸುವುದು ಕಾಣುವಂತೆ ಕೂರಿಸಲಾಗಿದೆ. ನೇರವಾಗಿ ಎದುರಿಗೆ ಬರುವುದಕ್ಕಿಂತ ಅಡ್ಡ ಹಾಯುವುದನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಹಂಡೆಯ ಒಲೆಯ ಕೆಂಡ ಮತ್ತು ಮೇಲೇಳುವ ಹಬೆ ಅದರ ದೃಷ್ಟಿಗೆ ಬೀಳದಂತೆಯೂ ನೋಡಿಕೊಂಡೆವು. ಇಲ್ಲವಾದರೆ ಬಿಸಿಗಾಳಿಯ ಓಲಾಟಕ್ಕೇ ಅದು ಮೋಸಹೋಗಬಹುದು. ಹಲ್ಲಿ ಬಂದರೆ ದೀಪ ಹತ್ತುವುದೇ ಎಂದು ಮಕ್ಕಳು ಕೇಳಿದರು. ಹಲ್ಲಿಯ ಮೈ ಗೋಡೆಯಷ್ಟೇ ತಂಪಾಗಿರುವುದರಿಂದ ಸಾಮಾನ್ಯವಾಗಿ ಹತ್ತದು. ಬೆಕ್ಕು ಬಂದರೆ ಹತ್ತೀತು.

ಇನ್ನೊಂದು ತೊಡಕೆಂದರೆ, ನಮ್ಮ ಹಳೆಯ ಗುಂಡಿಯ ಪೆಟ್ಟಿಗೆಗೆ ನ್ಯೂಟ್ರಲ್ ತಂತಿಯೇ ಬಂದಿರಲಿಲ್ಲ. ಅನೇಕ ಹಳೆಯ ಮನೆಗಳ ಸ್ಥಿತಿ ಇದೇ. ಎರಡೇ ತಂತಿಯಲ್ಲಿ ನಡೆಯುವ ಸೆನ್ಸರುಗಳೂ ಉಂಟು. ಆದರೆ ಅವು ಬಲ್ಬಿನ ಮೂಲಕವೇ ತುಸು ವಿದ್ಯುತ್ತು ಹರಿಸುವುದರಿಂದ ಎಲ್‌ಇಡಿ ದೀಪವು ಆರಿದ ಮೇಲೂ ಮಿಣುಕುವುದುಂಟು. ಅದಕ್ಕಾಗಿ ದೀಪದ ಹೋಲ್ಡರಿನ ಹತ್ತಿರವೇ ಜೋಡಣೆ ಮಾಡಿಸಿ, ನಡುಮನೆಯ ಗುಂಡಿಯನ್ನು ಸದಾ ಒತ್ತಿದಂತೆಯೇ ಬಿಟ್ಟೆವು. ಬಂದ ಬೀಗರು ರೂಢಿಯಂತೆ ಅದನ್ನು ಆರಿಸಿಬಿಡುತ್ತಿದ್ದುದರಿಂದ ಅದರ ಮೇಲೊಂದು ಪಟ್ಟಿ ಅಂಟಿಸಬೇಕಾಯಿತು. ಸೆನ್ಸರು ಕೆಟ್ಟರೂ ದೀಪ ಉರಿಯುವಂತೆ ಬಚ್ಚಲಿನ ಹೊರಗೋಡೆಗೆ ಬೇರೊಂದು ಸಾದಾ ಗುಂಡಿಯನ್ನು ಇಡಿಸಿದ್ದೇವೆ.

ತಾಲೂಕಿನ ಪಶ್ಚಿಮಕ್ಕಿರುವ ಕಣಕುಂಬಿಯಷ್ಟು ಮಳೆ ನಮ್ಮ ಕಡೆ ಬೀಳದಿದ್ದರೂ ಗಾಳಿಮಳೆಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು ಕರೆಂಟು ಹೋಗುವುದು ತಪ್ಪಿಲ್ಲ. ಅಂತಹ ರಾತ್ರಿಗಳಿಗೆಂದು, ಚಾರ್ಜು ಮಾಡಿಡಬಹುದಾದ ಚಿಕ್ಕ ಸೆನ್ಸರ್ ದೀಪವೊಂದನ್ನು ಹೊಸ್ತಿಲ ಪಕ್ಕದಲ್ಲಿ ಮೊಣಕಾಲೆತ್ತರಕ್ಕೆ ಸಿಕ್ಕಿಸಿದ್ದೇವೆ. ನಿಜ ಹೇಳಬೇಕೆಂದರೆ, ತಾಯಿಯವರು ಬಿದ್ದ ಜಾಗಕ್ಕೆ ಬೆಳಕು ಚೆಲ್ಲುವುದು ಅದೇ. ಹೊಸ್ತಿಲ ಪಕ್ಕ ಒಂದು ಹಿಡಿಕೆಯನ್ನೂ, ನುಣುಪಾದ ಫರಸಿಯ ಮೇಲೆ ಜಾರದ ಹಾಸನ್ನೂ ಹಾಕಿಸಿದೆವು. ಬೆಳಕೊಂದೇ ಜಾರುವ ಕಾಲನ್ನು ಹಿಡಿದು ನಿಲ್ಲಿಸದು.

ಸಮಯವನ್ನು ಎಷ್ಟಕ್ಕೆ ಇಡಬೇಕೆಂಬ ಚರ್ಚೆ ಮಾತ್ರ ಬಹಳ ದಿನ ನಡೆಯಿತು. ನಾವು ಹತ್ತು ನಿಮಿಷವೆಂದೆವು. “ನಾ ಹೊರಗ ಬಂದ ಮ್ಯಾಲೂ ಹತ್ತ ಮಿನೀಟ ದಂಡ ಉರೀತೈತಿ” ಎಂದು ತಾಯಿಯವರ ತಕರಾರು. “ಅದು ನಿನ್ನ ಕಾಯಾಕತ್ತೈತಿ ಆಯಿ, ದಂಡ ಅಲ್ಲ” ಎಂದು ಮೊಮ್ಮಗನು ಹೇಳಿದ ಮೇಲೆ ಐದು ನಿಮಿಷಕ್ಕೆ ರಾಜಿಯಾಯಿತು.

ಈಗ ನಸುಕಿನಲ್ಲಿ ಎಚ್ಚರವಾದರೆ ಬಚ್ಚಲಿನ ಬಾಗಿಲ ಕೆಳಗಿನಿಂದ ಬೆಳಕಿನ ಗೆರೆಯೊಂದು ಕಾಣುತ್ತದೆ, ತಂಬಿಗೆಯ ಸದ್ದು ಕೇಳುತ್ತದೆ. ಮಕ್ಕಳು ಏಳುವುದಿಲ್ಲ. ಸ್ನಾನ ಮುಗಿಸಿ ಹೊರಬಂದ ತಾಯಿಯವರು ತಕ್ಷಣ ಪೂಜೆಗೆ ಹೋಗುವುದಿಲ್ಲ. ಸೀರೆಯ ನಿರಿಗೆ ಸರಿಪಡಿಸಿಕೊಳ್ಳುತ್ತ, ಆ ದೀಪ ಆರುವ ತನಕ ಹೊಸ್ತಿಲಲ್ಲಿ ನಿಂತು ನೋಡಿಯೇ ಹೋಗುತ್ತಾರೆ.