ಬಿಲ್ಲಿಲ್ಲದ ಬಂಗಾರವೂ ಅಚೌರ್ಯಾಣುವ್ರತವೂ

ಕೋಲಾರದ ಚಿನ್ನದ ಗಣಿಗಳಲ್ಲಿ ಕಾರ್ಮಿಕನಿಗೂ ಕಳ್ಳನಿಗೂ ಆಡಳಿತದ ಕಣ್ಣಿನಲ್ಲಿ ಹೆಚ್ಚಿನ ಅಂತರವಿರಲಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ನಂದಿದುರ್ಗ, ಚಾಂಪಿಯನ್ ರೀಫ್, ಊರಿಗಾಂ, ಮೈಸೂರು, ಬಾಲಘಾಟ್ ಎಂಬ ಗಣಿಗಳು ಒಂದೊಂದಾಗಿ ಬೆಳೆದವು. ಪಾಳಿ ಮುಗಿಸಿ ಮೇಲೆ ಬಂದವನ ಬಟ್ಟೆಬರೆಗಳ ತಪಾಸಣೆ ನಿತ್ಯದ ಸಂಗತಿಯಾಗಿತ್ತು. ಅದಿರಿನ ಒಂದು ಚೂರು ಮೈಮೇಲೆ ಸಿಕ್ಕರೆ ಶಿಕ್ಷೆ ತಪ್ಪುತ್ತಿರಲಿಲ್ಲ. 1930ರಲ್ಲಿ ಕಾರ್ಮಿಕರ ಬೆರಳಚ್ಚನ್ನು ನೋಂದಾಯಿಸುವ ಕ್ರಮ ಬಂದಾಗ ಅವರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ತಮ್ಮನ್ನು ಹುಟ್ಟುಗಳ್ಳರಂತೆ ಕಾಣಬಾರದೆಂಬುದೇ ಆ ಪ್ರತಿಭಟನೆಯ ತಿರುಳು.

ಅದೇ ಬಂಗಾರ ನೆಲದಿಂದ ಮೇಲೆದ್ದು, ಕರಗಿ, ಒಡವೆಯಾಗಿ ಅಂಗಡಿಯ ಗಾಜಿನ ಹಿಂದೆ ಕುಳಿತ ಕೂಡಲೇ ನ್ಯಾಯದ ತಕ್ಕಡಿ ಬದಲಾಗುವುದೇಕೆ? ಸುಂಕ ತಪ್ಪಿಸಿ ಬಂದ ಗಟ್ಟಿಯನ್ನು ಅಗ್ಗದ ಬೆಲೆಗೆ ಕೊಂಡವನು ಚತುರ. ಬಿಲ್ಲಿಲ್ಲದೆ ಮಾಂಗಲ್ಯಸರ ಮಾಡಿಸಿದವನು ವ್ಯವಹಾರಜ್ಞ. ಮೂರು ಕಿಲೋಮೀಟರು ಆಳದಿಂದ ಕಲ್ಲಿನ ಚೂರು ತಂದ ಕೂಲಿಯವನು ಮಾತ್ರ ಕಳ್ಳ. ಈ ತಾರತಮ್ಯವನ್ನು ಜಿನಾಗಮ ಒಪ್ಪುವುದಿಲ್ಲ. ರಾಬರ್ಟ್‌ಸನ್ ಪೇಟೆಯಿಂದ ಬಂಗಾರಪೇಟೆಯವರೆಗೆ, ಅಲ್ಲಿಂದ ಬೆಂಗಳೂರಿನವರೆಗೆ ಚಿನ್ನದ ವ್ಯಾಪಾರದಲ್ಲೂ ಗಿರವಿಯಲ್ಲೂ ನಿರತವಾಗಿರುವ ಸಮಾಜವು ಇದನ್ನು ಗಂಭೀರವಾಗಿ ಪರ್ಯಾಲೋಚಿಸಬೇಕಾಗಿದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಳವಿಗೆ ಪ್ರೇರಣೆ ಕೊಡುವುದು, ಕದ್ದ ವಸ್ತುವನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕೀಳು ವಸ್ತುವನ್ನು ಬೆರೆಸಿ ಮೇಲಿನದೆಂದು ಮಾರುವುದು. ಮೂರನೆಯದಕ್ಕೆ ವಿರುದ್ಧರಾಜ್ಯಾತಿಕ್ರಮವೆಂದು ಹೆಸರು. ಕನ್ನಡ ನಾಡಿನ ಆಚಾರ್ಯರಾದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ, ಬೆಲೆಬಾಳುವ ದ್ರವ್ಯವು ಅಲ್ಲಿ ಅಲ್ಪಮೂಲ್ಯಕ್ಕೆ ದೊರೆಯುವುದೆಂಬ ಆಸೆಯಿಂದ ನಡೆಸುವ ಪ್ರಯತ್ನವನ್ನೇ ಎತ್ತಿ ತೋರಿಸಿದ್ದಾರೆ. ಸಮಂತಭದ್ರರು ರತ್ನಕರಂಡಕದಲ್ಲಿ ಇದೇ ಸ್ಥಾನದಲ್ಲಿ ವಿಲೋಪವೆಂಬ ಪದವನ್ನು ಬಳಸಿದ್ದಾರೆ. ಕಳ್ಳಸಾಗಣೆಯ ಚಿನ್ನಕ್ಕೆ ಇದಕ್ಕಿಂತ ನೇರವಾದ ಲಕ್ಷಣ ಇನ್ನಾವುದು ಬೇಕು? ಗಡಿಯಾಚೆಯಿಂದ ಸುಂಕ ತಪ್ಪಿಸಿ ತಂದವನು ಮೂರನೆಯ ಅತಿಚಾರಕ್ಕೂ, ಅರಿತೂ ಅದನ್ನು ಕೊಂಡವನು ಎರಡನೆಯದಕ್ಕೂ ಗುರಿಯಾಗುತ್ತಾನೆ.

ಇದಕ್ಕೆ ಎದುರಾಗಿ ಸಾಮಾನ್ಯವಾಗಿ ಮೂರು ಸಮಾಧಾನಗಳು ಕೇಳಿಬರುತ್ತವೆ. ಸರ್ಕಾರದ ನಿಯಮಗಳಿಗೆ ಸ್ಥಿರತೆಯಿಲ್ಲವೆಂಬುದು ಮೊದಲನೆಯದು. ಈ ಮಾತಿನಲ್ಲಿ ಸತ್ಯಾಂಶವಿದೆ. 1963ರಲ್ಲಿ ಮೊರಾರ್ಜಿ ದೇಸಾಯಿಯವರು ತಂದ ಸುವರ್ಣ ನಿಯಂತ್ರಣವು 14 ಕ್ಯಾರೆಟ್ಟಿಗಿಂತ ಮೇಲ್ಮಟ್ಟದ ಹೊಸ ಒಡವೆಯನ್ನು ನಿಷೇಧಿಸಿ ಸಾವಿರಾರು ಅಕ್ಕಸಾಲಿಗರ ಒಲೆಯನ್ನು ಆರಿಸಿತು. 1968ರ ಸುವರ್ಣ ನಿಯಂತ್ರಣ ಕಾಯಿದೆ 1990ರಲ್ಲಿ ರದ್ದಾಯಿತು. 1992ರಲ್ಲಿ ವಿದೇಶದಿಂದ ಮರಳುವ ಭಾರತೀಯರಿಗೆ ಸುಂಕ ತೆತ್ತು 5 ಕಿಲೋಗ್ರಾಂವರೆಗೆ ಚಿನ್ನ ತರಲು ಅವಕಾಶ ದೊರೆಯಿತು. ಆಮದು ಸುಂಕವು 2013ರ ಒಂದೇ ವರ್ಷದಲ್ಲಿ ಮೂರು ಸಲ ಏರಿ ಶೇಕಡ 10 ಆಯಿತು, 2019ರಲ್ಲಿ 12.5ಕ್ಕೆ ಹೋಯಿತು, 2021ರಲ್ಲಿ ಇಳಿಯಿತು, 2022ರ ಜುಲೈನಲ್ಲಿ ಒಟ್ಟು ಶೇಕಡ 15ಕ್ಕೆ ಜಿಗಿಯಿತು, 2024ರ ಜುಲೈ ಮುಂಗಡಪತ್ರದಲ್ಲಿ ಶೇಕಡ 6ಕ್ಕೆ ಇಳಿಯಿತು. ಸುಂಕ ಏರಿದಾಗಲೆಲ್ಲ ಕಳ್ಳದಾರಿಯ ಲಾಭ ಏರುತ್ತದೆಂಬುದು ಅರ್ಥಶಾಸ್ತ್ರದ ಬಾಲಪಾಠ. ಸರ್ಕಾರವೂ ಅದನ್ನು ಮರೆಯಬಾರದು.

ಆದರೆ ಇಲ್ಲಿಂದ ಹೊರಡುವ ತೀರ್ಮಾನವೇನು? ಸುಂಕ 15 ಆದಾಗ ಸುಳ್ಳು, 6 ಆದಾಗ ಸತ್ಯ ಎಂದಾದರೆ ಅದು ವ್ರತವಲ್ಲ, ಪೇಟೆಯ ಧಾರಣೆ. ವ್ರತಕ್ಕೆ ದರಪಟ್ಟಿ ಇರುವುದಿಲ್ಲ. ನಿಯಮವು ಅನ್ಯಾಯದ್ದೆಂದು ಮನಗಂಡ ಶ್ರಾವಕನಿಗೆ ದಾರಿ ಇಲ್ಲದಿಲ್ಲ. 2016ರ ಮುಂಗಡಪತ್ರವು ಬೆಳ್ಳಿಯ ಹೊರತಾದ ಒಡವೆಗಳ ಮೇಲೆ ಶೇಕಡ 1ರ ಅಬಕಾರಿ ಸುಂಕ ವಿಧಿಸಿದಾಗ ದೇಶದ ಚಿನ್ನಾಭರಣ ವರ್ತಕರು ಮಾರ್ಚ್‌ನಿಂದ ಏಪ್ರಿಲ್‌ವರೆಗೆ ಸುಮಾರು ಆರು ವಾರ ಬಾಗಿಲು ಮುಚ್ಚಿದರು. ಸುಂಕ ಉಳಿಯಿತು, ಆದರೂ ಆ ಪ್ರತಿಭಟನೆ ಬೀದಿಯಲ್ಲಿ ಹಗಲಿನಲ್ಲಿ ನಡೆಯಿತು. 1930ರ ಗಣಿ ಕಾರ್ಮಿಕರೂ ಹಾಗೆಯೇ ಬಯಲಿನಲ್ಲಿ ನಿಂತರು. ಬಹಿರಂಗವಾಗಿ ವಿರೋಧಿಸಿ ನಷ್ಟವನ್ನು ತಾನೇ ಹೊರುವುದು ವ್ರತಭಂಗವಲ್ಲ. ಮರೆಯಲ್ಲಿ ಮೀರಿ ಲಾಭವನ್ನು ತಾನೇ ಉಣ್ಣುವುದು ವ್ರತಭಂಗ.

ಎರಡನೆಯ ಸಮಾಧಾನ, ತೆರಿಗೆ ಭಾರವಾಗಿದೆ ಎಂಬುದು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಾಗ ಚಿನ್ನಕ್ಕೆ ವಿಧಿಸಿದ ದರ ಶೇಕಡ 3. ನೂರು ರೂಪಾಯಿಗೆ ಮೂರು ರೂಪಾಯಿ! ಅಷ್ಟನ್ನು ಉಳಿಸಲು ಬಿಲ್ಲು ಬೇಡವೆನ್ನುವ ಗೃಹಸ್ಥನು ತನ್ನ ಅಣುವ್ರತಕ್ಕೆ ಕಟ್ಟಿದ ಬೆಲೆಯೂ ಅಷ್ಟೇ. ಅವನ ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್‌ನಿಂದ ಆರಂಕೆಯ ಗುರುತುಸಂಖ್ಯೆಯಿಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲವೆಂದಾಯಿತು. ಮುದ್ರೆಯೂ ಬಿಲ್ಲೂ ಇಲ್ಲದ ಒಡವೆಯಲ್ಲಿ ತಾಮ್ರವೆಷ್ಟು ಎಂದು ಕೇಳಲು ಯಾವ ಬಾಯಿ ಉಳಿದಿದೆ? ಬೆರಕೆ ಮಾಡಬಾರದು, ತೂಕ ತಪ್ಪಿಸಬಾರದು ಎಂದು ಸೂತ್ರಕಾರರು ವರ್ತಕನ ಅಂತಃಕರಣಕ್ಕೆ ಹೇಳಿದ್ದನ್ನು ಸರ್ಕಾರವು ಲೋಹದ ಮೇಲೆ ಒತ್ತಬೇಕಾಗಿ ಬಂದುದು ವರ್ತಕ ಸಮುದಾಯಗಳಿಗೆ ಹೆಮ್ಮೆಯ ವಿಷಯವಲ್ಲ.

ಅಜ್ಜಿಯ ಕಾಲದ ಒಡವೆಗೆ ಬಿಲ್ಲೆಲ್ಲಿ ಎಂಬ ಅಳುಕು ಮಾತ್ರ ಬೇರೆ ಬಗೆಯದು, ಅದರಲ್ಲಿ ಕಪಟವಿಲ್ಲ. ಶೋಧನೆಯ ಸಮಯದಲ್ಲಿ ವಿವಾಹಿತ ಸ್ತ್ರೀಗೆ 500 ಗ್ರಾಂ, ಅವಿವಾಹಿತೆಗೆ 250 ಗ್ರಾಂ, ಪುರುಷನಿಗೆ 100 ಗ್ರಾಂವರೆಗಿನ ಒಡವೆಯನ್ನು ವಶಪಡಿಸಿಕೊಳ್ಳಬಾರದೆಂದು ಆದಾಯ ತೆರಿಗೆ ಅಧಿಕಾರಿಗಳಿಗೆ 1994ರಲ್ಲಿಯೇ ಸೂಚನೆ ಹೋಗಿತ್ತು. 2016ರ ಡಿಸೆಂಬರಿನಲ್ಲಿ ಅದನ್ನು ಪುನರುಚ್ಚರಿಸಲಾಯಿತು. ವಂಶದಿಂದ ಬಂದುದಕ್ಕೆ ತೋರಿದ ಈ ಔದಾರ್ಯವನ್ನು ನಿನ್ನೆ ಕೊಂಡ ಕಳ್ಳಚಿನ್ನಕ್ಕೆ ಮರೆಯಾಗಿ ಬಳಸುವುದೇ ಕಪಟ.

ಮೂರನೆಯ ಸಮಾಧಾನ ಎಲ್ಲಕ್ಕಿಂತ ಅಪಾಯಕರ. ಹಣ ಹೇಗೆ ಬಂದರೇನು, ಬಸದಿಗೆ ಹೋಯಿತಲ್ಲ ಎನ್ನುವುದು. ಅಭಿಷೇಕಕ್ಕೆ, ಪಂಚಕಲ್ಯಾಣಕ್ಕೆ, ಬೋಲಿಗೆ ಕೊಟ್ಟ ಮಾತ್ರಕ್ಕೆ ದ್ರವ್ಯ ಶುದ್ಧವಾಗುವುದಾದರೆ ಕಳ್ಳನಿಗಿಂತ ಸುಲಭವಾಗಿ ಪುಣ್ಯ ಗಳಿಸುವವರು ಯಾರೂ ಇರಲಾರರು. ದಿಗಂಬರ ಪರಂಪರೆಯ ಆಶಾಧರರು ಸಾಗಾರಧರ್ಮಾಮೃತದಲ್ಲಿ, ಶ್ವೇತಾಂಬರ ಪರಂಪರೆಯ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ಇಬ್ಬರೂ ಮೊಟ್ಟಮೊದಲು ಇಟ್ಟದ್ದು ನ್ಯಾಯದಿಂದ ಗಳಿಸಿದ ಧನವನ್ನೇ. ದಾನ, ಪೂಜೆಗಳೆಲ್ಲ ಆ ಮೇಲಿನ ಮಾತು. ಅಡಿಪಾಯ ಕಳ್ಳಮಣ್ಣಿನದಾದರೆ ಮಾನಸ್ತಂಭ ಎಷ್ಟು ಎತ್ತರವಾಗಿದ್ದರೇನು?

ಟ್ರಸ್ಟುಗಳ ಹೊಣೆ ಇಲ್ಲಿ ಮನೆಮಂದಿಯ ಹೊಣೆಗಿಂತ ದೊಡ್ಡದು. 2006ರಲ್ಲಿ ಅನಾಮಧೇಯ ದೇಣಿಗೆಗಳಿಗೆ ಶೇಕಡ 30ರ ತೆರಿಗೆ ವಿಧಿಸಿದಾಗಲೂ ಕೇವಲ ಧಾರ್ಮಿಕ ಉದ್ದೇಶದ ಸಂಸ್ಥೆಗಳನ್ನು ಹೊರಗಿಡಲಾಯಿತು. ಹುಂಡಿಯ ಮುಂದೆ ಭಕ್ತನ ಹೆಸರು ಕೇಳಬಾರದೆಂಬ ಗೌರವ ಅದು. ಗುಪ್ತದಾನದ ಹಿರಿಮೆಯಿರುವುದು ನೆರೆಯವನಿಗೆ ದಾನಿಯ ಹೆಸರು ತಿಳಿಯದಿರುವುದರಲ್ಲಿ. ಹಣದ ಮೂಲವನ್ನು ಮುಚ್ಚುವುದರಲ್ಲಿ ಅಲ್ಲ. 2017ರ ಏಪ್ರಿಲ್‌ನಿಂದ ಒಬ್ಬನಿಂದ ಒಂದು ದಿನದಲ್ಲಿ 2 ಲಕ್ಷ ರೂಪಾಯಿ ಅಥವಾ ಹೆಚ್ಚಿನ ನಗದನ್ನು ಪಡೆಯುವುದು ನಿಷಿದ್ಧವಾಯಿತು. ಪಡೆದವನಿಗೆ ಪಡೆದಷ್ಟೇ ದಂಡ. ಒಂದು ಬೋಲಿಯನ್ನು ಹತ್ತು ಬೇನಾಮಿ ರಸೀದಿಗಳಾಗಿ ಹರಿದು ಹಂಚಿದರೆ ಕಾಯಿದೆಯ ಕಣ್ಣಿಗೆ ಮಣ್ಣೆರಚಬಹುದು. ಕರ್ಮವರ್ಗಣೆಯ ಲೆಕ್ಕಕ್ಕೆ ರಸೀದಿ ಪುಸ್ತಕವಿಲ್ಲ. 2017ರ ಅಧಿಸೂಚನೆಯು ಧಾರ್ಮಿಕ ಕ್ಷೇತ್ರಗಳ ಕಲ್ಯಾಣಮಂಟಪಗಳಿಗೆ ದಿನದ ಬಾಡಿಗೆ 10,000 ರೂಪಾಯಿಗಿಂತ ಕಡಿಮೆಯಿದ್ದರೆ ತೆರಿಗೆ ವಿನಾಯಿತಿ ಕೊಟ್ಟಿತು. ಮಿಕ್ಕ ಬಾಡಿಗೆಯನ್ನು ದೇಣಿಗೆಯೆಂದು ಬರೆಸಿಕೊಳ್ಳುವ ಟ್ರಸ್ಟು ದೇವರ ಹೆಸರಿನಲ್ಲಿ ಸುಳ್ಳು ಬರೆಯುತ್ತದೆ. ಅಚೌರ್ಯದ ಜೊತೆಗೆ ಸತ್ಯಾಣುವ್ರತವೂ ಅಲ್ಲಿಗೆ ಮುಗಿಯಿತು.

ತಪ್ಪಿಸಿದ ತೆರಿಗೆ ಯಾರ ಪಾಲಿನದು ಎಂಬುದನ್ನೂ ಯೋಚಿಸಬೇಕು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿಗಳು ಮುಚ್ಚಿದವು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಬಂಗಾರ ಕೊಟ್ಟ ನೆಲದಲ್ಲಿ ಉಳಿದದ್ದು ಸಯನೈಡ್ ದಿಬ್ಬಗಳು, ಗಾಳಿಗೆ ಏಳುವ ಅವುಗಳ ಧೂಳು, ಆ ಧೂಳಿನ ಮಗ್ಗುಲಲ್ಲೇ ಇರುವ ಗಣಿ ಕಾಲೊನಿಗಳು, ಕಲ್ಲುಧೂಳು ಕುಡಿದ ಶ್ವಾಸಕೋಶಗಳು. ಅಲ್ಲಿ ಆಸ್ಪತ್ರೆ, ನೀರು, ನೆಲದ ಶುದ್ಧಿ ಏನೇ ಆಗಬೇಕಾದರೂ ಅದು ಸಾರ್ವಜನಿಕ ಬೊಕ್ಕಸದಿಂದಲೇ ಆಗಬೇಕು. ಬೊಕ್ಕಸದಲ್ಲಿ ಸೋರಿಕೆ ಇದೆ, ದುಂದಿದೆ ಎಂಬುದು ನಿಜವೇ. ಸೋರುವ ಕೊಡಕ್ಕೆ ನೀರು ಹಾಕಬಾರದೆನ್ನುವವನು ಮೊದಲು ಕೊಡವನ್ನು ಸರಿಪಡಿಸಲು ದನಿಯೆತ್ತಲಿ; ನೀರನ್ನು ಕದ್ದು ತನ್ನ ತೊಟ್ಟಿಗೆ ತಿರುಗಿಸಿಕೊಳ್ಳುವುದು ಸುಧಾರಣೆಯಲ್ಲ. ಬಂಗಾರ ತೆಗೆದವನ ಮಕ್ಕಳ ಪಾಲಿನ ಔಷಧವನ್ನು ಬಂಗಾರ ತೊಟ್ಟವರು ಕಸಿಯುವುದು ಹಿಂಸೆಯೂ ಹೌದು. ಅಹಿಂಸಾ ಪರಮೋಧರ್ಮವೆನ್ನುವ ಬಾಯಿಗಳು ಈ ಹಿಂಸೆಯನ್ನು ಲೆಕ್ಕಕ್ಕೆ ತಂದುಕೊಳ್ಳಬೇಕು.

ಮಾಡಬೇಕಾದದ್ದು ಕಠಿನವೇನಲ್ಲ. ಬಸದಿಗೆ ಬಂದ ಪ್ರತಿಯೊಂದು ಒಡವೆಯನ್ನೂ ತೂಕ, ಮೂಲ ಸಹಿತ ಪಟ್ಟಿಗೆ ಏರಿಸಬೇಕು. ದೊಡ್ಡ ಮೊತ್ತದ ಬೋಲಿಯನ್ನು ಬ್ಯಾಂಕಿನ ಮೂಲಕವೇ ಸಲ್ಲಿಸಬೇಕೆಂದು ಪ್ರತಿಷ್ಠಾ ಮಹೋತ್ಸವಗಳ ಆಹ್ವಾನಪತ್ರಿಕೆಯಲ್ಲಿಯೇ ಮುದ್ರಿಸಬೇಕು. ವರ್ಷದ ಲೆಕ್ಕವನ್ನು ಬಸದಿಯ ಗೋಡೆಗೆ ಅಂಟಿಸಬೇಕು. ಮನೆಗಳಲ್ಲಿ ಮದುವೆಯ ಚಿನ್ನ ಕೊಳ್ಳುವ ದಿನ ಹಿರಿಯರು ಮೊದಲು ಕೇಳಬೇಕಾದ ಪ್ರಶ್ನೆ ಬಿಲ್ಲು ಎಲ್ಲಿ ಎಂಬುದು. ಸಂದೇಹದ ಹಣವನ್ನು ಒಂದು ಟ್ರಸ್ಟು ಧೈರ್ಯದಿಂದ ಹಿಂದಿರುಗಿಸಿದರೆ ಹತ್ತು ಪ್ರವಚನಗಳಿಗಿಂತ ಅದರ ಪ್ರಭಾವ ಹೆಚ್ಚು. ಅಂಥ ದಿನ ಕಟ್ಟಡದ ಒಂದು ಕಲ್ಲು ತಡವಾಗಿ ಏಳಬಹುದು. ಶಾಸನದ ಪ್ರಭಾವನೆ ತಡವಾಗುವುದಿಲ್ಲ.