ಉಬ್ಬಸದ ಲೆಕ್ಕ ಈಗಲೇ ಶುರುವಾಗಲಿ

ಮುಂಗಾರು ನಾಲ್ಕು ಹನಿ ಬಿದ್ದರೆ ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯ ಸುತ್ತ ರಸ್ತೆ ಬದಿ, ಬೀಳು ಹೊಲಗಳಲ್ಲಿ ರಾಗಿಗಿಂತ ಮೊದಲು ತಲೆ ಎತ್ತುವುದು ಕಾಂಗ್ರೆಸ್ ಗಿಡ. ರಾಜ್ಯ ಸರ್ಕಾರ ಈ ಪಾರ್ಥೇನಿಯಂ ಅನ್ನು ಪೀಡೆ ಕಳೆಯೆಂದು 1975ರಲ್ಲೇ ಘೋಷಿಸಿತು. 1984ರಲ್ಲಿ ಅದನ್ನು ತಿನ್ನುವ ಮೆಕ್ಸಿಕೊದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಕಳೆ ಮಾತ್ರ ಹೋಗಲಿಲ್ಲ. ಬೆಂಗಳೂರಿನ ಸಮೀಕ್ಷೆಯೊಂದರಲ್ಲಿ ನೂರರಲ್ಲಿ ಏಳು ಜನರಿಗೆ ಇದರ ಪರಾಗದಿಂದ ಮೂಗಿನ ಅಲರ್ಜಿ ಇತ್ತು.

ಅದೇ ನಗರದಲ್ಲಿ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ನೋಡಿ ಇಟ್ಟ ಲೆಕ್ಕ ಇನ್ನೂ ಕಳವಳಕಾರಿ: ಅಸ್ತಮಾ 1979ರಲ್ಲಿ ಶೇ. 9, 1999ರಲ್ಲಿ ಶೇ. 29.5. ಇದು ಆಸ್ಪತ್ರೆಯ ಲೆಕ್ಕ, ಇಡೀ ಊರಿನದಲ್ಲ. ಆದರೂ ಏರಿಕೆ ಕಣ್ಣಿಗೆ ಬಿದ್ದದ್ದು ಯಾರೋ ಎಣಿಸುತ್ತಾ ಬಂದದ್ದರಿಂದ.

ಪರಾಗ ಎಲ್ಲರ ಮೂಗಿಗೂ ಹೋಗುತ್ತದೆ, ಎಲ್ಲರೂ ಸೀನುವುದಿಲ್ಲ. ಇದಕ್ಕೆ ವಂಶ, ಹೊಗೆ, ಧೂಳು ಹೀಗೆ ಹಲವು ಕಾರಣಗಳಿವೆ. ವಿಜ್ಞಾನಿಗಳು ಈಗ ಇನ್ನೊಂದನ್ನು ಹುಡುಕುತ್ತಿದ್ದಾರೆ: ರೋಗನಿರೋಧಕ ಕೋಶಗಳು ಏನನ್ನು ಉರಿಸಿ ಶಕ್ತಿ ಪಡೆಯುತ್ತವೆ? ಅವುಗಳಲ್ಲೊಂದಾದ ಟಿ ಕೋಶ ಸುಮ್ಮನಿರುವಾಗ ತನ್ನೊಳಗಿನ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದಲ್ಲಿ ಆಮ್ಲಜನಕ ಬಳಸಿ ಸಾವಧಾನವಾಗಿ ಶಕ್ತಿ ತಯಾರಿಸಿಕೊಳ್ಳುತ್ತದೆ. ಕೆರಳಿದೊಡನೆ ಗ್ಲುಕೋಸನ್ನು ಬೇಗಬೇಗ ಒಡೆಯುವ ದಾರಿಗೆ ಹೊರಳಿ ಒಂದು ಹತ್ತಾಗಿ, ಹತ್ತು ನೂರಾಗಿ ಬೆಳೆಯುತ್ತದೆ. ಅಲರ್ಜಿಯನ್ನು ಬೆಳೆಸುವ ಟಿಎಚ್2 ಕೋಶಗಳಿಗೆ ಇದರ ಜೊತೆ ಕೊಬ್ಬಿನಾಮ್ಲವೂ ಬೇಕು. ಹಿಸ್ಟಮಿನ್ ಸುರಿದು ಸೀನು, ತುರಿಕೆ ತರಿಸುವ ಮಾಸ್ಟ್ ಕೋಶಕ್ಕೂ ಆ ಗಳಿಗೆಯಲ್ಲಿ ಶಕ್ತಿ ಬೇಕು. ಇವನ್ನೆಲ್ಲ ಹದ್ದುಬಸ್ತಿನಲ್ಲಿಡುವ ಟಿ-ರೆಗ್ ಕೋಶಗಳು ಹೆಚ್ಚಾಗಿ ಮೈಟೊಕಾಂಡ್ರಿಯಾವನ್ನೇ ನೆಚ್ಚಿಕೊಂಡಿವೆ. ನಾವು ತಿಂದ ನಾರಿನಿಂದ ಕರುಳಿನ ಬ್ಯಾಕ್ಟೀರಿಯಾ ತಯಾರಿಸುವ ಬ್ಯುಟಿರೇಟ್ ಅವುಗಳಿಗೆ ಬಲ ಕೊಡುತ್ತದೆ. ನಾರು ಹೆಚ್ಚಾಗಿ ತಿಂದ ಇಲಿಗಳಲ್ಲಿ ಶ್ವಾಸನಾಳದ ಅಲರ್ಜಿ ತಗ್ಗಿದ್ದು 2014ರಲ್ಲಿ ವರದಿಯಾಯಿತು. 2022ರ ಪ್ರಯೋಗವೊಂದರಲ್ಲಿ ತೆಳ್ಳಗಿನ ಇಲಿಗಳ ಚರ್ಮದ ಅಲರ್ಜಿಗೆ ಹಿಡಿದ ಔಷಧವೇ ಬೊಜ್ಜು ಬಂದ ಇಲಿಗಳಲ್ಲಿ ರೋಗವನ್ನು ಕೆರಳಿಸಿತು.

ಇಲಿಯ ಫಲಿತಾಂಶ ಮನುಷ್ಯರ ಚಿಕಿತ್ಸೆಯಲ್ಲ. ಇದರ ಹೆಸರು ಹೇಳಿ ನಾಳೆ ಯಾರಾದರೂ ಪುಡಿ, ಟಾನಿಕ್ ಮಾರಲು ಬಂದರೆ ಕೊಳ್ಳಬೇಡಿ. ಆದರೆ ಬೊಜ್ಜಿದ್ದವರಲ್ಲಿ ಅಸ್ತಮಾ ಹೆಚ್ಚು, ಹತೋಟಿಗೆ ಬರುವುದೂ ಕಷ್ಟ ಎಂಬುದು ಮನುಷ್ಯರಲ್ಲೇ ಕಂಡ ಸಂಗತಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮಕ್ಕಳ ಕೈಗೆ ಮುದ್ದೆ, ಹುರುಳಿಯ ಬದಲು ಕುರುಕಲು ಪೊಟ್ಟಣ, ಸಿಹಿ ಪಾನೀಯ ಬರುತ್ತಿರುವಾಗ, ಪರಾಗದ ಜೊತೆ ಕಡಲೆಕಾಯಿ ಒಕ್ಕಣೆಯ ಧೂಳೂ ಸೇರುವ ನೆಲದಲ್ಲಿ, ಅಸ್ತಮಾವನ್ನು ನಗರದ ಕಾಯಿಲೆಯೆಂದು ತಳ್ಳಿಹಾಕುವುದು ಅಪಾಯ.

ಹೆಚ್ಚು ಹೆದರಿಸುವುದು ಇನ್ನೊಂದು ರೂಢಿ. ಉಬ್ಬಸ ಬಂದಾಗಲೆಲ್ಲ ಸ್ಟೆರಾಯ್ಡ್ ಇಂಜೆಕ್ಷನ್, ಗುಳಿಗೆ ಪಡೆದರೆ ಆ ಹೊತ್ತಿಗೆ ಉಸಿರು ಸಲೀಸಾಗುತ್ತದೆ. ಪದೇಪದೇ ಪಡೆದರೆ ತೂಕವೂ ರಕ್ತದ ಸಕ್ಕರೆಯೂ ಏರುತ್ತವೆ. ಇನ್‌ಹೇಲರ್‌ನಲ್ಲಿ ಸಣ್ಣ ಪ್ರಮಾಣದ ಔಷಧ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಅದು ಚಟವಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಈ ನಾಲ್ಕೂ ತಾಲ್ಲೂಕುಗಳ ಶಾಲಾ ಆರೋಗ್ಯ ತಪಾಸಣೆಯಲ್ಲಿ ಮಗುವಿನ ತೂಕದ ಪಕ್ಕದಲ್ಲೇ ಉಬ್ಬಸ, ಸೀನು, ಚರ್ಮದ ತುರಿಕೆ ಇವೆಯೇ ಎಂದು ಬರೆದುಕೊಳ್ಳಲಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇನ್‌ಹೇಲರ್ ತಪ್ಪದೆ ಸಿಗಲಿ. ಗ್ರಾಮ ಪಂಚಾಯಿತಿಗಳು ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ, ಕೀಳುವವರಿಗೆ ಕೈಗವಸು, ಮುಖಗವಸು ಕೊಟ್ಟು, ಬೇರುಸಹಿತ ಕೀಳಿಸಲಿ.