ಕಂಪ್ಯೂಟರ್ ಬರಲಿ, ಶಿಕ್ಷಕರೂ ಇರಲಿ

ಕಂಪ್ಯೂಟರ್ ಬಂದರೆ ಮಕ್ಕಳಿಗೆ ಗಣಿತ ತಾನಾಗಿ ಒಲಿಯುವುದೆಂದು ನಾವು ಹೆತ್ತವರು ನಂಬತೊಡಗಿದ್ದೇವೆ. ಗುಜರಾತಿನ ಅನುಭವ ಏನು ಹೇಳುತ್ತದೆ? ವಡೋದರದ ಸರಕಾರಿ ಶಾಲೆಗಳಲ್ಲಿ ನಾಲ್ಕನೇ ತರಗತಿಯ ಮಕ್ಕಳು ಇಬ್ಬರಿಗೊಂದು ಕಂಪ್ಯೂಟರಿನಂತೆ ವಾರಕ್ಕೆ 2 ಗಂಟೆ ಲೆಕ್ಕದ ಆಟಗಳನ್ನಾಡಿದರು. ಮಗುವಿನ ಮಟ್ಟಕ್ಕೆ ತಕ್ಕಂತೆ ಪ್ರಶ್ನೆ ಬದಲಾಗುತ್ತಿತ್ತು. ಅವರ ಗಣಿತ ಗಮನಾರ್ಹವಾಗಿ ಸುಧಾರಿಸಿತೆಂದು ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದರು. ಆದರೆ ಅದೇ ರಾಜ್ಯದ ಜ್ಞಾನಶಾಲಾ ತರಗತಿಗಳ ಕುರಿತ 2008ರ ಅಧ್ಯಯನ ನಮ್ಮನ್ನು ಎಚ್ಚರಿಸುತ್ತದೆ. ಅಲ್ಲಿ ಶಿಕ್ಷಕರ ಪಾಠದ ವೇಳೆಯನ್ನೇ ಕಂಪ್ಯೂಟರಿಗೆ ಕೊಟ್ಟಾಗ ಮಕ್ಕಳ ಕಲಿಕೆ ಕುಸಿಯಿತು. ಶಾಲಾವಧಿಯ ಹೊರಗೆ ಬಳಸಿದಾಗ ಪ್ರಯೋಜನವಾಯಿತು. ಆದುದರಿಂದ ಶಿಕ್ಷಕರ ಹುದ್ದೆ ಖಾಲಿಯಿಟ್ಟು ಕಂಪ್ಯೂಟರ್ ಹಂಚಿ ಕೈತೊಳೆದುಕೊಳ್ಳುವುದನ್ನು ನಾವು ಒಪ್ಪಲಾಗದು. ತಂತ್ರಾಂಶ ಕೇಳುವ ಮೊದಲು ಗಣಿತ ಶಿಕ್ಷಕರನ್ನು ಕೇಳೋಣ.